ಇ-ವಿಂಗಿನ ಎತ್ತರದ ಕಂಬ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಬಕೆಟ್ ತುಂಬಿತು. ಡ್ರಮ್ ತುಂಬಿತು. ಇವರು ಚಹಾ ಕುಡಿದು, ಡೊಂಬಿವಲಿಯಿಂದ ಲೋಕಲ್ ಟ್ರೇನ್ ಹಿಡಿದು ಠಾಣೆಯ ಹೋಟೆಲಿನ ಕೆಲಸಕ್ಕೆ ಹೊರಟರು. ಮಗಳು ಅಶ್ಮಿತಾಗೆ ಇನ್ನೂ ಬೆಳಗಾಗಿಲ್ಲ, ಕಾಲೇಜು ಇದ್ದರೂ ಅಷ್ಟೇ. ನಾನು ಆಫೀಸಿಗೆಂದು ಕೆಳಗಿಳಿದರೆ ನೋಟೀಸ್ ಬೋರ್ಡಿನ ಮುಂದೆ ಜನ.

ಫೆಬ್ರುವರಿಯ ನೀರಿನ ಚಾರ್ಟ್. ನಮ್ಮ ಹೌಸಿಂಗ್ ಸೊಸೈಟಿಯ ಯಾವ ವಿಂಗ್, ಅಂದರೆ ಯಾವ ಕಟ್ಟಡ, ಎಷ್ಟು ನೀರು ಬಳಸಿತು ಎಂದು ಕಂಬ ಕಂಬವಾಗಿ ತೋರಿಸಿದ್ದಾರೆ. ನಮ್ಮ ಇ-ವಿಂಗಿನ ಕಂಬ ತೆಂಗಿನಮರ. ಉಳಿದವು ಅದರ ಬುಡದ ಹುಲ್ಲು. ಕೆಳಗೆ ಮರಾಠಿಯಲ್ಲಿ ಎರಡು ಸಾಲು — ಬುಧವಾರದಿಂದ ಇ-ವಿಂಗಿನ ಟಾಕಿಗೆ, ಅಂದರೆ ಮಾಳಿಗೆಯ ಟ್ಯಾಂಕಿಗೆ, ಸಂಜೆಯ ನೀರು ಬಂದ್. ಪಕ್ಕದಲ್ಲಿ ಸೆಕ್ರೆಟರಿ ಅಂಬಾದಾಸರ ಹೊಸ ಮೊಹರು, ‘ಮಾನದ ಸಚಿವ’, ಅಂದರೆ ಗೌರವ ಕಾರ್ಯದರ್ಶಿ. ಇಷ್ಟು ದೊಡ್ಡದು. ಚಾರ್ಟಿನ ಬಲಮೂಲೆಯನ್ನೇ ನುಂಗಿಬಿಟ್ಟಿದೆ.

ಬಿ-ವಿಂಗಿನ ನಿಶಾ ಒಮ್ಮೆ ಚಾರ್ಟ್ ನೋಡಿದಳು, ಒಮ್ಮೆ ನನ್ನನ್ನು. ನಕ್ಕಳು. ಮೈ ಉರಿಯಿತು. ನಾವೇನು ಮನೆಯಲ್ಲಿ ಎಮ್ಮೆ ಸಾಕಿದ್ದೇವೆಯೇ?

ಮಾರ್ಚ್ 6, ಗುರುವಾರ

ನಲ್ಲಿ ತಿರುಗಿಸಿದರೆ ಬರೀ ಗಾಳಿ. ಆಫೀಸಿನಿಂದ ಬಂದು ಮುಖ ತೊಳೆಯಲು ಚೊಂಬಿನಲ್ಲಿ ಅಳತೆ.

ನಮಗಾದರೆ ನಡೆಯುತ್ತದೆ. ಕೆಳಮನೆಯ ಅನಸೂಯಾಳಿಗೆ ನಡೆಯುವುದಿಲ್ಲ. ಅವಳ ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾರೆ. ಸಂಜೆ ಎಲ್ಲ ತೊಳೆಯಬೇಕು, ಮುದುಕಿಯ ಮೈ ಒರೆಸಬೇಕು. ಇವತ್ತು ಡಿ-ವಿಂಗಿಗೆ ಬಕೆಟ್ ಹಿಡಿದುಕೊಂಡು ಹೋಗಿದ್ದಳಂತೆ. ಮೊದಲು ನೀವು ನೀರು ಪೋಲು ಮಾಡುವುದನ್ನು ನಿಲ್ಲಿಸಿ ಎಂದು ಕಳಿಸಿದ್ದಾರೆ.

“ಬಕೆಟ್ ಖಾಲಿ ಬಂದಿದ್ದಕ್ಕ ಅಳು ಬರ್ಲಿಲ್ಲಕ್ಕ,” ಎಂದಳು. “ಕಳ್ಳರನ್ನ ನೋಡಿದಂಗ ನೋಡಿದ್ರು.”

ನನ್ನ ಡ್ರಮ್ಮಿನಿಂದ ಅರ್ಧ ಕೊಟ್ಟೆ. ಈ ಭಾನುವಾರ ಅಂಬಾದಾಸರನ್ನು ಹಿಡಿಯುತ್ತೇನೆ.

ಮಾರ್ಚ್ 9, ಭಾನುವಾರ

ಹಿಡಿದೆ. ಸೋತು ಬಂದೆ.

ಅಂಬಾದಾಸರು ಕೆಟ್ಟವರಲ್ಲ, ಅದೇ ತೊಂದರೆ. ಕಲಬುರಗಿಯವರು, ರೈಲ್ವೆ ಆಫೀಸಿನಿಂದ ನಿವೃತ್ತರಾದ ಮೇಲೆ ಕಂಪ್ಯೂಟರ್ ಕಲಿತವರು. ಹೋದ ಕೂಡಲೇ ಚಹಾ ತರಿಸಿದರು. ಜಗಳ ಮಾಡಲು ಹೋದವಳು ಬಿಸ್ಕತ್ ಅದ್ದಿಕೊಂಡು ಕೂತೆ. ಅವರ ಅಳಿಯ ಹಾಕಿಕೊಟ್ಟ ಯಾವುದೋ ಫುಕಟ್ ಸ್ಪ್ರೆಡ್‌ಶೀಟ್ ಆಪ್. ಮೀಟರಿನ ಅಂಕಿ ತುಂಬಿಸಿದರೆ ಚಾರ್ಟ್ ತಾನೇ ಬದಲಾಗುತ್ತದೆ. ಜನವರಿಯಲ್ಲಿ ಮೊಹರಿಗೆ ಜಾಗ ಬೇಕೆಂದು ಚಾರ್ಟನ್ನು ಒಮ್ಮೆ ಸಣ್ಣದು ಮಾಡಿದ್ದಾರೆ. ಅಂದಿನಿಂದ ಅದೇ ಅಳತೆ.

ಐರೋಲಿಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನನಗೂ ದಿನವಿಡೀ ಇದೇ ಕೆಲಸ. ಚಾರ್ಟನ್ನು ಮತ್ತೆ ದೊಡ್ಡದು ಮಾಡಿ ತೋರಿಸಿ ಎಂದೆ. ಮೂಲೆ ಹಿಡಿದು ಎಳೆದರು. ತೆಂಗಿನಮರ ಇನ್ನೂ ಎತ್ತರವಾಯಿತು. ಅಡಿಯಲ್ಲಿ ಹೆಸರು ಅದೇ, ಇ. ಅಂಕಿ ತೋರಿಸಿ ಎಂದರೆ ಅದು ಕಮಿಟಿಗೆ ಮಾತ್ರವಂತೆ.

“ಕಂಪ್ಯೂಟರಿಗೆ ನಿಮ್ಮ ಮ್ಯಾಲ ಏನ್ ಸಿಟ್ಟದ, ಲೋಲಾಕ್ಷಿ ಬಾಯಿ?” ಎಂದರು. “ನಾ ಅಂಕಿ ಹಾಕ್ತೀನಿ, ಅದು ಕಂಬ ನಿಂದ್ರಸ್ತದ. ನಡುವ ನಮ್ಮ ಕೈಯೇ ಇಲ್ಲ.”

ಇವರಿಗೆ ಹೇಳಿದರೆ — ಬುಡ್ಲ ಮಾರಾಯ್ತಿ. ಬಿಡುವುದಂತೆ. ಹೋಟೆಲಿನಲ್ಲಿ ಸ್ನಾನ ಮುಗಿಸಿ ಬರುವವರಿಗೆ ಬಿಡುವುದು ಸುಲಭ.

ಏಪ್ರಿಲ್ 2, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಸಂಜೆ ನೀರಿಲ್ಲ. ಸಂಜೆ ನೀರಿಲ್ಲ. ಸಂಜೆ ನೀರಿಲ್ಲ.

ಇವತ್ತು ಬರೆಯಲು ಇದೆ.

ಮಾರ್ಚಿನ ಚಾರ್ಟ್ ಬಂತು. ತಿಂಗಳಿಡೀ ಒಂದೇ ಹೊತ್ತು ನೀರು ಬಿಟ್ಟರೂ ಇ-ವಿಂಗಿನ ಕಂಬ ಕೂದಲೆಳೆಯಷ್ಟೂ ತಗ್ಗಿಲ್ಲ! ಪಕ್ಕದ ಡಿ-ವಿಂಗಿನದು ಮಾತ್ರ ಅರ್ಧಕ್ಕೆ ಇಳಿದಿದೆ. ವಾಟ್ಸಾಪ್ ಗ್ರೂಪಿನಲ್ಲಿ ಡಿ-ವಿಂಗಿಗೆ ಹೂಗುಚ್ಛಗಳ ಮಳೆ. ಆದರ್ಶ ವಿಂಗ್ ಅಂತೆ. ಅವರು ಪೇಡಾ ಹಂಚಿದರು. ನಮಗೂ ಒಂದು ಡಬ್ಬಿ ಕಳಿಸಿದ್ದಾರೆ, ನೋಡಿ ಕಲಿಯಿರಿ ಎನ್ನುವ ಹಾಗೆ.

ಬೋರ್ಡಿನ ಮುಂದೆ ನಿಂತೇ ಇದ್ದೆ. ಲೋಕಲ್ ತಪ್ಪಿತು. ತಪ್ಪಲಿ. ನಮ್ಮ ನೀರು ನಿಲ್ಲಿಸಿದರೆ ಡಿ-ವಿಂಗಿನ ಕಂಬ ಇಳಿಯುವುದೆಂದರೇನು? ಇವರು ಉಪವಾಸ ಮಾಡಿದರೆ ಪಕ್ಕದಮನೆಯವರು ಸಣ್ಣಗಾದ ಹಾಗಾಯಿತು.

ಆ ಅರ್ಧ ಕಂಬ ನಮ್ಮದು. ಅಡಿಯಲ್ಲಿ ಇನ್ನೊಬ್ಬರ ಹೆಸರು ಕೂತಿದೆ. ಹಾಗಾದರೆ ನಮ್ಮ ಹೆಸರು ಹೊತ್ತ ತೆಂಗಿನಮರ ಯಾರದು?

ಅಡಿಯ ಹೆಸರುಗಳನ್ನು ಮತ್ತೆ ಓದಿದೆ. ಎ, ಬಿ, ಆಮೇಲೆ ಹೆಸರಿಲ್ಲದ ಒಂದು ಕಂಬ, ಡಿ, ಇ. ಹೆಸರಿಲ್ಲದ್ದು ತೋಟದ ನಲ್ಲಿ ಎಂದು ಎಲ್ಲರ ಲೆಕ್ಕ. ಎಫ್ ಮೊಹರಿನ ಅಡಿಯಲ್ಲಿದೆ ಎಂದೂ ಎಲ್ಲರ ಲೆಕ್ಕ. ಆದರೆ ಅಂದು ಅಂಬಾದಾಸರ ಕಂಪ್ಯೂಟರಿನ ಪರದೆಯ ಮೇಲೆ ಮೊಹರು ಇರಲಿಲ್ಲವಲ್ಲ. ಅಲ್ಲಿ ಎಫ್ ಇತ್ತೇ? ನೆನಪಾಗುತ್ತಿಲ್ಲ. ನಾನು ನಮ್ಮ ಕಂಬವನ್ನೇ ದುರುಗುಟ್ಟಿ ನೋಡುತ್ತಿದ್ದೆ.

ಏಪ್ರಿಲ್ 4, ಶುಕ್ರವಾರ. ಸಂಜೆ

ಅಶ್ಮಿತಾಳ ಲ್ಯಾಪ್‌ಟಾಪಿನಲ್ಲಿ ಅದೇ ಫುಕಟ್ ಆಪ್ ಹಾಕಿಸಿದೆ. ಎ, ಬಿ, ಡಿ, ಇ, ಎಫ್ ಬರೆದೆ. ಬಾಯಿಗೆ ಬಂದ ಅಂಕಿ ಹಾಕಿದೆ. ಚಾರ್ಟ್ ಮಾಡಿದೆ. ಸಣ್ಣದು ಮಾಡಿದೆ, ದೊಡ್ಡದು ಮಾಡಿದೆ, ಉದ್ದ ಎಳೆದೆ, ಅಡ್ಡ ಎಳೆದೆ. ಹೆಸರುಗಳು ತಮ್ಮ ತಮ್ಮ ಕಂಬದ ಅಡಿಯಲ್ಲಿ ಗಟ್ಟಿಯಾಗಿ ಕೂತಿದ್ದವು.

ಸಿ ಇಲ್ಲವಲ್ಲ, ಹಾಕಲಿಲ್ಲ. ನಮ್ಮ ಸೊಸೈಟಿಯಲ್ಲಿ ಸಿ-ವಿಂಗ್ ಕಟ್ಟಲೇ ಇಲ್ಲ. ಬಿಲ್ಡರ್ ನಕ್ಷೆಯಲ್ಲಿ ತೋರಿಸಿ ಕೈಯೆತ್ತಿದ. ಅಲ್ಲೀಗ ದಾಸವಾಳದ ಗಿಡ, ಸ್ಕೂಟರು.

ಅಶ್ಮಿತಾ ನನ್ನ ಅವಸ್ಥೆ ನೋಡಿ, “ಛೋಡ್ ದೋ ನಾ ಮಮ್ಮಿ. ಸಾಫ್ಟ್‌ವೇರ್ ಸೇ ಕೌನ್ ಲಡ್ತಾ ಹೈ?” ಎಂದಳು, ಎಂದಿನ ಹಿಂದಿಯಲ್ಲಿ — ಸಾಫ್ಟ್‌ವೇರಿನ ಜೊತೆ ಯಾರು ಜಗಳಾಡುತ್ತಾರೆ, ಬಿಟ್ಟುಬಿಡು ಎಂದು. ಲ್ಯಾಪ್‌ಟಾಪ್ ಮುಚ್ಚಿ ಬಚ್ಚಲಿಗೆ ಹೋಗಿ ಅತ್ತೆ. ಮುಖ ತೊಳೆಯಲೂ ನೀರಿಲ್ಲದೆ ಹೊರಗೆ ಬಂದೆ.

ಭಾನುವಾರ 13ಕ್ಕೆ ಮೀಟಿಂಗ್. ಮಳೆಗಾಲದವರೆಗೆ ನಮ್ಮ ಸಂಜೆಯ ನೀರು ಬಂದ್ ಎಂದು ಠರಾವು ಮಾಡುತ್ತಾರಂತೆ. ಅನಸೂಯಾಗೆ ಇನ್ನೂ ಹೇಳಿಲ್ಲ.

ಏಪ್ರಿಲ್ 8, ಮಂಗಳವಾರ. ಲೋಕಲಿನಲ್ಲಿ

ಮರೆಯುವ ಮೊದಲು ಬರೆಯಬೇಕು. ಅಕ್ಷರಗಳು ಕುಣಿಯುತ್ತಿವೆ, ಟ್ರೇನ್ ಕೋಪರ್ ಸ್ಟೇಷನ್ ದಾಟುತ್ತಿದೆ.

ಠಾಣೆಯಲ್ಲಿ ಹತ್ತಿದೆ. ಮೂವರ ಸೀಟಿನಲ್ಲಿ ಎಂದಿನಂತೆ ನಾಲ್ವರು. ಕಿಟಕಿಯವಳನ್ನು ಕೇಳಿದೆ — ಕುಠೆ ಉತರಣಾರ, ಎಲ್ಲಿ ಇಳಿಯುವುದು? ದಿವಾ ಎಂದಳು. ಮೊದಲು ಕೇಳಿದವಳಿಗೇ ಸೀಟು ಎಂಬುದು ಲೋಕಲಿನ ನಿಯಮ, ಅಲ್ಲಿಗೆ ಕಿಟಕಿ ನನ್ನದು. ದಿವಾದಿಂದ ಡೊಂಬಿವಲಿ ಎಷ್ಟು ದೂರ? ಆದರೂ ಆಸೆ.

ದಿವಾ ಬಂತು. ಅವಳು ಎದ್ದಳು. ನಾನು ನುಗ್ಗುವಷ್ಟರಲ್ಲಿ ನಡುವಿನವಳು ಕಿಟಕಿಗೆ ಸರಿದಳು, ಅವಳ ಪಕ್ಕದವಳು ನಡುವಿಗೆ, ಅಂಚಿನವಳು ಒಳಗೆ. ನನಗೆ ಉಳಿದದ್ದು ನಾಲ್ಕನೇ ಸೀಟಿನ ಅಂಚು, ಅರ್ಧ ತೊಡೆಗಾಗುವಷ್ಟು. ಜಗಳಕ್ಕೆ ತಲೆಯೆತ್ತಿದೆ. ಮೇಲೆ ರ್ಯಾಕ್ ಕಂಡಿತು.

ಬ್ಯಾಗುಗಳು ಸರಿದಿರಲಿಲ್ಲ.

ಕೆಳಗೆ ಹೆಂಗಸರೆಲ್ಲ ಒಂದೊಂದು ಜಾಗ ಸರಿದಿದ್ದಾರೆ. ಮೇಲೆ ಬ್ಯಾಗುಗಳು ಇಟ್ಟಲ್ಲೇ ಇವೆ. ಈಗ ಒಬ್ಬೊಬ್ಬಳ ತಲೆಯ ಮೇಲೂ ಇನ್ನೊಬ್ಬಳ ಬ್ಯಾಗು. ಸರಿಯುವುದಕ್ಕೆ ಒಂದು ಸೀಟು ಖಾಲಿಯಾಗಬೇಕಿತ್ತು, ಅಷ್ಟೇ.

ನನ್ನ ಚಾರ್ಟಿನಲ್ಲಿ ಖಾಲಿ ಸೀಟೇ ಇರಲಿಲ್ಲ!

ನಮ್ಮ ಸೊಸೈಟಿಯವರು ಯಾವ ಪಟ್ಟಿ ಮಾಡಿದರೂ ಬಿ ಆದ ಮೇಲೆ ಒಂದು ಸಾಲು ಖಾಲಿ ಬಿಡುತ್ತಾರೆ. ಗಣಪತಿ ವಂತಿಗೆಗೆ, ಪಾರ್ಕಿಂಗಿಗೆ, ಧ್ವಜಾರೋಹಣದ ಲಡ್ಡುವಿಗೆ ಕೂಡ. ಸಿ-ವಿಂಗ್ ಇವತ್ತಲ್ಲ ನಾಳೆ ಬಂದೇ ಬರುತ್ತದೆ, ಜಾಗ ಇರಲಿ ಎಂದು. ಇಲ್ಲದ ಕಟ್ಟಡಕ್ಕೆ ಅಂಬಾದಾಸರೂ ಜಾಗ ಹಿಡಿದೇ ಇರುತ್ತಾರೆ. ಡೊಂಬಿವಲಿ ಬಂ—

ಅದೇ ದಿನ. ಮನೆಯಲ್ಲಿ

ಚಪ್ಪಲಿ ಬಿಡದೆ ಲ್ಯಾಪ್‌ಟಾಪ್ ತೆರೆದೆ. ಬಿ ಆದ ಮೇಲೆ ಒಂದು ಖಾಲಿ ಸಾಲು. ಹೆಸರಿಲ್ಲ, ಅಂಕಿಯಿಲ್ಲ. ಎಫ್‌ಗೆ ಎಲ್ಲಕ್ಕಿಂತ ದೊಡ್ಡ ಅಂಕಿ. ದೊಡ್ಡ ಚಾರ್ಟಿನಲ್ಲಿ ಎಲ್ಲ ಸರಿ, ನಡುವೆ ಸಿ-ವಿಂಗಿನ ಖಾಲಿ ಜಾಗ. ಮೂಲೆ ಹಿಡಿದು ಒಳಕ್ಕೆ ಒತ್ತಿದೆ...

ಸರಿದವು! ಕಂಬಗಳು ಖಾಲಿ ಜಾಗಕ್ಕೆ ಸರಿದುಬಿಟ್ಟವು, ಹೆಸರುಗಳು ಇದ್ದಲ್ಲೇ ಉಳಿದವು. ಡಿ ಕಂಬಕ್ಕೆ ಹೆಸರೇ ಇಲ್ಲ. ನಮ್ಮ ಕಂಬ ಡಿ ಹೆಸರಿನ ಮೇಲೆ. ಎಫ್ ತೆಂಗಿನಮರ ನಮ್ಮ ಹೆಸರಿನ ಮೇಲೆ. ಎಫ್ ಎಂಬ ಹೆಸರು ಚಾರ್ಟಿನಿಂದಲೇ ಹೊರಗೆ. ಮತ್ತೆ ದೊಡ್ಡದು ಮಾಡಿದೆ. ವಾಪಸು ಹೋಗಲಿಲ್ಲ, ಜಪ್ಪಯ್ಯ ಅಂದರೂ. ಅಂಬಾದಾಸರು ಎಳೆದು ತೋರಿಸಿದಾಗ ಆದದ್ದೂ ಇದೇ.

ಅಶ್ಮಿತಾಳನ್ನು ಎಳೆದುತಂದು ತೋರಿಸಿದೆ. ತಾನೇ ಹೊಸ ಚಾರ್ಟ್ ಮಾಡಿ ಕುಗ್ಗಿಸಿದಳು. ಅದೂ ಸರಿಯಿತು. ಹುಡುಗಿ ನನ್ನನ್ನು ನೋಡಿದ ರೀತಿ! ಹುಟ್ಟಿದಾಗಿನಿಂದ ಹಾಗೆ ನೋಡಿರಲಿಲ್ಲ. ಆಮೇಲೆ ಕನ್ನಡದಲ್ಲೇ ಹೇಳಿದಳು, “ಅಮ್ಮ, ನೀನು ಡೇಂಜರ್ ಇದ್ದೀ.”

ಊಟ ಎರಡು ತುತ್ತು ಹೆಚ್ಚೇ ಸೇರಿತು.

ಏಪ್ರಿಲ್ 13, ಭಾನುವಾರ

ಗೆದ್ದೆ. ಮೊದಲು ಅದನ್ನು ಬರೆದುಬಿಡುತ್ತೇನೆ. ಗೆದ್ದೆ.

ಎ-ವಿಂಗಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಕ್ರಿಕೆಟ್ ನೋಡುವ ಟಿವಿ. ಅಶ್ಮಿತಾ ಲ್ಯಾಪ್‌ಟಾಪಿನ ವಯರ್ ಜೋಡಿಸಿದಳು. ಅನಸೂಯಾ ಅತ್ತೆಯನ್ನು ಗಂಡನಿಗೆ ಒಪ್ಪಿಸಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ನಾನು ರಾತ್ರಿಯೆಲ್ಲ ಭಾಷಣ ಕಟ್ಟಿದ್ದೆ. ಆದರೆ ಅಂಬಾದಾಸರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಮೊಹರಿನ ಡಬ್ಬಿ ಹಿಡಿದುಕೊಂಡು ಬಂದದ್ದು ನೋಡಿ ಭಾಷಣ ಬೇಡವೆನಿಸಿತು. ನಿಮ್ಮ ಮಾರ್ಚಿನ ಅಂಕಿಗಳಿಂದ ಇಲ್ಲೇ ಹೊಸದೊಂದು ಚಾರ್ಟ್ ಮಾಡಿ, ದೊಡ್ಡದಾಗಿ, ಎಂದಷ್ಟೇ ಕೇಳಿದೆ. ಕಮಿಟಿಯವರು ಹೂಂ ಎಂದರು.

ಮಾಡಿದರು. ಬಿ ಆದ ಮೇಲೆ ಖಾಲಿ ಸಾಲು ಬಿಟ್ಟೇ ಮಾಡಿದರು. ಟಿವಿಯಲ್ಲಿ ಇ-ವಿಂಗ್ ಮೋಟು ಕಂಬ. ತೆಂಗಿನಮರ ಎಫ್ ಮೇಲೆ.

ಎಫ್-ವಿಂಗಿನಲ್ಲಿ ಇರುವವರು ಯಾರು? ಅಂಬಾದಾಸರೇ.

ಏನೋ ಗಡಿಬಿಡಿ ಅದ ಎಂದು ಕನ್ನಡಕ ಒರೆಸಿಕೊಂಡರು. ಈಗ ಮೊಹರಿಗೆ ಜಾಗ ಮಾಡಿ ಸರ್, ಎಂದೆ. ಮೂಲೆ ಹಿಡಿದು ಅವರೇ ಕುಗ್ಗಿಸಿದರು. ಎಲ್ಲರ ಕಣ್ಣೆದುರು ಕಂಬಗಳು ಸರಿದವು, ಹೆಸರುಗಳು ಸರಿಯಲಿಲ್ಲ. ಆಮೇಲೆ ಯಾರೋ ಡಿ-ವಿಂಗಿನವರನ್ನು ಪೇಡಾ ವಾಪಸು ಕೇಳಿದರು. ನಗು ಹತ್ತಿಕೊಂಡಿತು. ನಿಶಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ತಟ್ಟಲಿ, ಅವಳ ನಗುವಿನ ಬಾಕಿ ತೀರಿತು.

ಅಂಬಾದಾಸರು ಮಾತ್ರ ನಗಲಿಲ್ಲ. ಎದ್ದು ನಿಂತರು.

“ಎಫ್ ಹೆಸರು ಬಿದ್ದದ್ದು ನಾ ನೋಡಿದ್ದೆ. ಸಣ್ಣದು ಮಾಡಿದಾಗ ಜಾಗ ಸಾಲದ ಬಿದ್ದಿರಬೇಕು ಅಂತ ಬಿಟ್ಟೆ,” ಎಂದರು. ಆಮೇಲೆ ಅನಸೂಯಾಳ ಕಡೆ ತಿರುಗಿ, “ತಂಗಿ, ಇವತ್ತಿನಿಂದ ನಮ್ಮ ಎಫ್-ವಿಂಗಿನ ಸಂಜೀ ನೀರು ಬಂದ್ ಮಾಡಸ್ತೀನಿ.”

ಒಂದು ಕ್ಷಣ ಸಿಹಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಗ ಅನಸೂಯಾ ನನ್ನ ಕೈ ಹಿಡಿದು, “ಬ್ಯಾಡಕ್ಕ. ಅವ್ರ ಮನ್ಯಾಗೂ ಮುದುಕರ ಅದಾರ,” ಎಂದಳು. ಯಾರ ನೀರೂ ಬಂದ್ ಮಾಡುವುದು ಬೇಡ, ಮೊದಲು ಎಫ್-ವಿಂಗಿನ ಟೆರೇಸ್ ನೋಡೋಣ ಎಂದು ನಾನೇ ಹೇಳಿದೆ.

ಮೀಟಿಂಗಿಗೆ ಮೀಟಿಂಗೇ ಮೆಟ್ಟಿಲು ಹತ್ತಿತು. ಟಾಕಿಯ ಮುಚ್ಚಳ ತೆಗೆದರೆ ಒಳಗಿನ ಫ್ಲೋಟ್ ಬಾಲ್ ಮುರಿದು ಅಡಿಗೆ ಬಿದ್ದಿದೆ. ತುಂಬಿದ ಮೇಲೂ ನೀರು ನಿಲ್ಲುತ್ತಿಲ್ಲ. ಹೆಚ್ಚಾದದ್ದು ಹೊರಪೈಪಿನಿಂದ ನೇರ ಗಟಾರಕ್ಕೆ. ಯಾರ ಕಣ್ಣಿಗೂ ಬೀಳದಂತೆ, ತಿಂಗಳುಗಟ್ಟಲೆ. ಯಾರೂ ಕಳ್ಳರಲ್ಲ. ಅನಸೂಯಾ ಅದನ್ನೇ ಎರಡು ಸಲ ಹೇಳಿದಳು, ಡಿ-ವಿಂಗಿನವರಿಗೆ ಕೇಳಿಸುವ ಹಾಗೆ.

ಇಳಿಯುವಾಗ ಅಂಬಾದಾಸರು ನನ್ನ ಜೊತೆ ಹಿಂದೆ ಉಳಿದರು. ಮುಂದಿನ ಚಾರ್ಟಿನಲ್ಲಿ ಸಿ-ವಿಂಗಿನ ಸಾಲು ತೆಗೆಯಲೇ ಎಂದು ಕೇಳಿದರು. ಮುಖ ಸಣ್ಣದಾಗಿತ್ತು. ಸಾಲು ಇರಲಿ, ಅದರಲ್ಲಿ ಸಿ ಎಂದು ಬರೆದು ಸೊನ್ನೆ ಹಾಕಿ ಎಂದೆ. ಹಾಗೆ ಮಾಡಿದರೆ ಸರಿಯುವುದಿಲ್ಲ, ಮನೆಯಲ್ಲೇ ಮಾಡಿ ನೋಡಿದ್ದೆ.

“ಅಂದ್ರ ಸಿ-ವಿಂಗ್ ಬರೂತನಕ ಜಾಗ ಹಿಡದಂಗೂ ಆಯ್ತು,” ಎಂದರು. ನಕ್ಕರು.

ಏಪ್ರಿಲ್ 14, ಸೋಮವಾರ. ಸಂಜೆ

ಅಂಬೇಡ್ಕರ್ ಜಯಂತಿ, ರಜೆ. ಪ್ಲಂಬರ್ ಬೆಳಿಗ್ಗೆಯೇ ಬಂದು ಎಫ್-ವಿಂಗಿಗೆ ಹೊಸ ಬಾಲ್ ಹಾಕಿಹೋದ. ಬೋರ್ಡಿನಲ್ಲಿ ಹೊಸ ನೋಟೀಸು — ಇ-ವಿಂಗಿಗೆ ಇಂದಿನಿಂದ ಸಂಜೆಯ ನೀರು. ಚಾರ್ಟ್ ಪುಟದ ತುಂಬ ಹರಡಿಕೊಂಡಿದೆ. ಮೊಹರು ಹಿಂದಿನ ಪುಟದಲ್ಲಿ.

ಆಪಿನವರಿಗೂ ಬರೆದೆ, ಅಶ್ಮಿತಾ ಇಂಗ್ಲಿಷ್ ಮಾಡಿಕೊಟ್ಟಳು. ಖಾಲಿ ಸಾಲು, ಕುಗ್ಗಿಸಿದ ಚಾರ್ಟ್, ಎಲ್ಲ ಚಿತ್ರಸಮೇತ. ನಾವು ಮಾಡಿ ನೋಡಿದಾಗಲೂ ಹಾಗೇ ಆಯಿತು, ಸರಿಪಡಿಸುತ್ತೇವೆ ಎಂದು ಮಧ್ಯಾಹ್ನವೇ ಉತ್ತರ. ಇವರು ಅದನ್ನು ಹೋಟೆಲಿನಲ್ಲಿ ಎಲ್ಲರಿಗೂ ಓದಿ ಹೇಳಿದರಂತೆ. ಬುಡ್ಲ ಎಂದವರು!

ಇವತ್ತು ಬಕೆಟ್ ತುಂಬಿಸಿಡಲಿಲ್ಲ. ಬೇಕೆಂದೇ. ಡ್ರಮ್ಮನ್ನೂ ತೊಳೆದು ಬೋರಲು ಹಾಕಿದ್ದೇನೆ. ನಲ್ಲಿ ತಿರುಗಿಸಿಟ್ಟು ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಕೆಳಗೆ ಅನಸೂಯಾಳ ಮನೆಯಲ್ಲೂ ನಲ್ಲಿ ತೆರೆದೇ ಇದೆ. ಅತ್ತೆ, ಬಂತೇನು ಬಂತೇನು ಎಂದು ಹಾಸಿಗೆಯಿಂದಲೇ ಕೇಳುತ್ತಿದ್ದಾರೆ.

ಪಂಪ್ ಶುರುವಾಯಿತು. ಪೈಪಿನಲ್ಲಿ ಗಾಳಿ. ನಲ್ಲಿ ಕೆಮ್ಮುತ್ತಿದೆ. ಕೆಳಗೆ ಬಕೆಟ್ಟಿಗೆ ನೀರು ಬೀಳುವ ಸದ್ದು, ಮುದುಕಿಯ ನಗು, ಇಗೋ ನನ್ನದರಲ್ಲೂ ಬಂ—