ಲೋಡ್ ಗಾಡಿಗೆ ಮೊದಲ ಸರದಿ

ದೋಣಿಮಲೈ ಕ್ವಾರ್ಟರ್ಸ್
12 ನವೆಂಬರ್ 2025

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಮೈ ಕೈ ನೆಟ್ಟಗಿವೆಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ವಾಡಿಕೆಗೆ ಕೇಳುವ ಮಾತಲ್ಲ ಇದು, ಉತ್ತರ ಬೇಕೆಂದೇ ಕೇಳುತ್ತಿದ್ದೇನೆ. ಫೋನಿನಲ್ಲಿ ಕೇಳಿದರೆ ‘ನೆಟ್‌ವರ್ಕ್ ಇಲ್ಲಲೇ, ಆಮ್ಯಾಲೆ ಮಾತಾಡ್ತೀನಿ’ ಎಂದು ಜಾರಿಕೊಳ್ಳುತ್ತೀರಿ. ಕಾಗದಕ್ಕೆ ನೆಟ್‌ವರ್ಕ್ ಬೇಕಿಲ್ಲವಲ್ಲ. ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ, ಒಣಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು ಕೂರುವುದು ಮಾತ್ರ ನಿಂತಿಲ್ಲ. ನೀವು ಡಂಪರ್ ಓಡಿಸಲು ಛತ್ತೀಸಗಢದ ಗಣಿಗೆ ಹೋಗಿ ಇಷ್ಟು ದಿನವಾದರೂ ಅತ್ತೆ ನಿಮ್ಮ ಪಾಲಿನ ರೊಟ್ಟಿಯನ್ನೂ ಸೇರಿಸಿಯೇ ಬಡಿಯುತ್ತಾರೆ. ಉಳಿದದ್ದನ್ನು ಮರುದಿನ ನಾನು ಮೊಸರಿನಲ್ಲಿ ನೆನೆಸಿ ತಿನ್ನುತ್ತೇನೆ.

ನನಗೆ ಅನುಮಾನ ಹುಟ್ಟಿದ್ದು ನಮ್ಮ ಆಟದಿಂದ. ಮದುವೆಯಾದ ಹೊಸದರಲ್ಲಿ ನೀವು ಕಲಿಸಿದ ಆ ವಿಡಿಯೋ ಗೇಮಿನ ಇಂಗ್ಲಿಷ್ ಹೆಸರು ಬಾಯಲ್ಲಿ ತಿರುಗದೆ ಅತ್ತೆ ಅದನ್ನು ‘ನಾಕು ಮಂದಿ ಆಟ’ ಮಾಡಿಬಿಟ್ಟರು. ನಾಲ್ವರು ವೀರರಲ್ಲಿ ಇಬ್ಬರು ನಿಮ್ಮವರು, ಇಬ್ಬರು ನನ್ನವರು; ನಿಮ್ಮ ಕಡೆ ಆ ದಡಿಯ, ನನ್ನ ಕಡೆ ಗಾಯ ಮಾಯಿಸುವ ವೈದ್ಯೆ. ಮೊದಲ ಭಾಗ ಎಷ್ಟು ಸಂಭಾವಿತ ಆಟವಾಗಿತ್ತು! ನಮ್ಮ ಸರದಿಯಲ್ಲಿ ನಾವು ಹೊಡೆಯುವುದು, ಅವನ ಸರದಿಯಲ್ಲಿ ರಾಕ್ಷಸ ಹೊಡೆಯುವುದು. ನಾನು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರೂ ಅವನು ಮಾವನ ಮನೆಯಲ್ಲಿ ಕೂತ ಹೊಸ ಅಳಿಯನ ಹಾಗೆ ಸುಮ್ಮನಿರುತ್ತಿದ್ದ. ಎರಡನೆಯ ಭಾಗದಲ್ಲಿ ನಾಲ್ವರಲ್ಲಿ ಯಾರು ಮೊದಲು ಎಂದು ನಾವೇ ಗೊತ್ತುಮಾಡುವಂತಾಯಿತು. ಆಗಲೇ ನೀವು ಗಣಿಯ ರೂಲ್ಸನ್ನು ಆಟಕ್ಕೆ ತಂದಿರಿ. ‘ಲೋಡ್ ಗಾಡಿಗೆ ಮೊದ್ಲು ದಾರಿ ಬಿಡಬೇಕ್ಲೇ, ಖಾಲಿ ಗಾಡಿ ಸೈಡಿಗೆ ನಿಂದ್ರಬೇಕು.’ ಅಂದರೆ ಯಾರಿಗೆ ಹೆಚ್ಚು ಗಾಯವಾಗಿದೆಯೋ ಅವರಿಗೆ ಮೊದಲ ಸರದಿ, ಗಟ್ಟಿಮುಟ್ಟಾದವರು ಕೊನೆಗೆ. ಲೋಕವೆಲ್ಲ ಬಲಶಾಲಿಯನ್ನು ಮುಂದೆ ಬಿಟ್ಟು ಆಡುತ್ತದೆ, ನೀವೊಬ್ಬರೇ ಹೀಗೆ. ಮೂರನೆಯದರಲ್ಲಿ ಯೋಚಿಸುತ್ತ ಕೂತರೆ ರಾಕ್ಷಸ ಕಾಯದೆ ಹೊಡೆಯತೊಡಗಿದ. ಆ ವರ್ಷ ನನ್ನ ಒಗ್ಗರಣೆ ಎಷ್ಟು ಸಲ ಸೀದಿತೋ! ಈಗಿನ ನಾಲ್ಕನೆಯದರಲ್ಲಿ ಸರದಿ ವಾಪಸು ಬಂದಿದೆ, ಆದರೆ ರಾಕ್ಷಸ ಕತ್ತಿ ಎತ್ತಿದ ಕ್ಷಣಕ್ಕೇ ಮೊಬೈಲಿನ ಬಲಮೂಲೆಯ ಗುರಾಣಿಯನ್ನು ಒತ್ತಬೇಕು. ಚೂರು ತಡವಾದರೂ ಏಟು ಬಿತ್ತು.

ನೀವು ಅಲ್ಲಿಂದ, ನಾನು ಇಲ್ಲಿಂದ ಕೂಡಿ ಆಡಲು ಶುರುಮಾಡಿದಾಗ ನಿಮ್ಮ ಗುರಾಣಿ ತಪ್ಪುತ್ತಲೇ ಇರಲಿಲ್ಲ. ದೀಪಾವಳಿಯಿಂದೀಚೆಗೆ ಅದು ಒಂದು ಸಲವೂ ಹೊತ್ತಿಗೆ ಸರಿಯಾಗಿ ಏಳುತ್ತಿಲ್ಲ. ಆಗಿನಿಂದಲೇ ಮೆಸೇಜು ಬರೆಯುವುದು ನಿಂತು ಬರೀ ದನಿ ರೆಕಾರ್ಡ್ ಮಾಡಿ ಕಳಿಸುತ್ತೀರಿ. ವಿಡಿಯೋ ಕಾಲ್‌ನಲ್ಲಿ ಕಾಣುವುದು ಮುಖವಷ್ಟೇ, ಅದೂ ಗದ್ದದವರೆಗೆ. ಪಕ್ಕದ ಮನೆಯ ರೇಣುಕಮ್ಮನ ಮುಂದೆ ಬಾಯಿಬಿಟ್ಟದ್ದೇ ತಪ್ಪಾಯಿತು. ‘ಆಡೋರು ಬ್ಯಾರೆ ಯಾರೋ ಅದಾರ ನೋಡ್ರಿ. ಗಂಡಸ್ರನ್ನ ಭಾಳ ನಂಬಬ್ಯಾಡ್ರಿ’ ಎಂದುಬಿಟ್ಟರು. ಅಲ್ಲಿ ನಕ್ಕೆ. ಮನೆಗೆ ಬಂದು ಅಕ್ಕಿ ತೊಳೆಯುವಾಗ ನಗು ಉಳಿದಿರಲಿಲ್ಲ. ಹೊಟ್ಟೆ ಉರಿಯಿತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಸರಿ, ಪರೀಕ್ಷೆ ಮಾಡೋಣ ಎಂದು ಮರುದಿನ ಬೇಕೆಂದೇ ನನ್ನ ವೈದ್ಯೆಯನ್ನು ಏಟು ತಿನ್ನಲು ಬಿಟ್ಟೆ. ಸರದಿ ಗೊತ್ತುಮಾಡುವುದು ಈಗಲೂ ನಿಮ್ಮ ಪಾಲಿನ ಕೆಲಸವಲ್ಲವೇ? ಬೇರೆ ಯಾರೇ ಆಗಿದ್ದರೂ ನಿಮ್ಮ ಆ ದಡಿಯನನ್ನು ಮುಂದೆ ಬಿಡುತ್ತಿದ್ದರು. ಕುಂಟುತ್ತಿದ್ದ ನನ್ನ ವೈದ್ಯೆಯೇ ಮೊದಲು ಬಂದಳು. ಆಡುತ್ತಿರುವುದು ನೀವೇ! ಜೀವ ತಣ್ಣಗಾಯಿತು. ಆದರೆ ಒಂದು ಅನುಮಾನ ಹೋದ ಬಾಗಿಲಿನಿಂದಲೇ ಇನ್ನೊಂದು ಒಳಗೆ ಬಂತು. ನೀವೇ ಆಗಿದ್ದರೆ ಗುರಾಣಿ ಏಕೆ ತಡ?

ನಿನ್ನೆ ಮಧ್ಯಾಹ್ನ ನನ್ನ ಬಲಗೈಗೆ ಟವೆಲ್ ಸುತ್ತಿಕೊಂಡು, ಮೊಬೈಲನ್ನು ದಿಂಬಿನ ಮೇಲಿಟ್ಟು ಎಡಗೈಯಲ್ಲಿ ಆಡಿದೆ. ಎಡಗೈ ಬಲಮೂಲೆಗೆ ಹೋಗುವಷ್ಟರಲ್ಲಿ ಕತ್ತಿ ಬಿದ್ದಿರುತ್ತಿತ್ತು, ಪ್ರತಿ ಸಲವೂ, ಥೇಟ್ ನಿಮಗೆ ಬೀಳುವ ಹಾಗೆಯೇ. ಒಳಗೆ ಬಂದ ಅತ್ತೆ ಟವೆಲ್ ಕಂಡು ‘ಕೈಗೇನಾತವ್ವಾ?’ ಎಂದು ಗಾಬರಿಯಾದರು. ‘ಏನಿಲ್ರೀ ಅತ್ತಿ’ ಎಂದೆ. ಹಾಗೆ ಹೇಳುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು. ರೀ, ನಿಮ್ಮ ಬಲಗೈಗೆ ಏನಾಗಿದೆ? ನಾವು ಹೆದರುತ್ತೇವೆಂದು ಮುಚ್ಚಿಟ್ಟಿದ್ದೀರಾ? ಗೊತ್ತಾಗದೆ ಇರುವುದಕ್ಕೇ ನನಗೆ ಹೆಚ್ಚು ಹೆದರಿಕೆ. ಇಷ್ಟು ವರ್ಷ ಎಲ್ಲರಿಗೂ ದಾರಿ ಬಿಟ್ಟಿರಿ, ಈಗ ಲೋಡ್ ಗಾಡಿ ನೀವೇ. ಮೊದಲು ನೀವು ಹೇಳಿ, ನಾನು ಸೈಡಿಗೆ ನಿಂತು ಕಾಯುತ್ತೇನೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ನಿಮ್ಮ ಹೆಸರಿನ ದೇವರು ಜಂಬುನಾಥಸ್ವಾಮಿ ನಿಮ್ಮನ್ನು ಕಾಯಲಿ.

ಇಂತಿ ನಿಮ್ಮ ಅನುಮಾನದ ಹೆಂಡತಿ,
ಶಿಲ್ಪಶ್ರೀ

ತಾ.ಕ.: ಕಾಯುತ್ತೇನೆ ಎಂದು ಬರೆದದ್ದು ಸುಳ್ಳು. ಟಿ.ಬಿ. ಡ್ಯಾಂನಿಂದ ನಮ್ಮಣ್ಣ ವಿಜಯಕುಮಾರ್ ಈಗಷ್ಟೇ ಫೋನ್ ಮಾಡಿದ್ದ. ನನಗೂ ಅವನಿಗೂ ರೈಲು ಟಿಕೆಟ್ ಸಿಕ್ಕಿದೆ, ಈ ಕಾಗದದ ಬೆನ್ನಿಗೇ ಬರುತ್ತೇವೆ. ಅನ್ನ ಕಲಸಿ ಕೊಡಲು ನನ್ನ ಎರಡು ಕೈಗಳಿವೆ. ಬಾಗಿಲು ತೆಗೆಯಲು ನಿಮ್ಮ ಜೊತೆ ರೂಮಿನಲ್ಲಿರುವವರನ್ನು ಕಳಿಸಬೇಡಿ. ಎಡಗೈಯಿಂದ ತೆಗೆದರೂ ಪರವಾಗಿಲ್ಲ, ಎಷ್ಟು ತಡವಾದರೂ ಪರವಾಗಿಲ್ಲ, ತೆಗೆಯುವವರು ನೀವೇ ಆಗಿರಬೇಕು.