ಘಾಟಲ್ಲ, ಬೆವರು ಎಂದವರಿಗೆ

ಸರ್ವಜಿತು ಸಂವತ್ಸರ, ಶ್ರಾವಣದ ಎರಡನೆಯ ಸೋಮವಾರ. ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ಎರಡು ಸಾವಿರದ ನೂರ ಎಂಬತ್ತೇಳು.

ಬ್ಯಾಡಗಿ ಸೀಮೆಯ ಕಾಶವ್ವನವರಿಗೆ, ಅವರ ಏಳನೆಯ ತಲೆಮಾರಿನ ಬಾಳವ್ವನ ಶರಣಾರ್ಥಿಗಳು.

ಇವತ್ತು ನನ್ನದು ಒಪ್ಪತ್ತು. ಅಂಗಳ ಗುಡಿಸಿ, ರಂಗೋಲಿ ಹಾಕಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ಸಂಜೆಯವರೆಗೆ ಒಲೆಯ ಕೆಲಸವಿಲ್ಲ, ಪುರುಸೊತ್ತಿದೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ತಪ್ಪು ತಿಳಿಯಬೇಡಿ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ನಿಮ್ಮ ಕಾಲದ ಕನ್ನಡವನ್ನು ನಮ್ಮ ಮನೆಯಲ್ಲಿ ಉಳಿದುಬಂದ ನಿಮ್ಮ ನೋಟುಬುಕ್ಕು ಓದಿಯೇ ಕಲಿತೆ. ಈ ಪತ್ರ ತರುವುದು ಹಿಂದಂಚೆ, ಅಂದರೆ ಕಳೆದುಹೋದ ವರ್ಷಗಳಿಗೆ ಹೋಗುವ ಟಪಾಲು. ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ. ನಿಮ್ಮನ್ನು ಅಜ್ಜಿಯ ಅಜ್ಜಿಯ ಅಜ್ಜಿ ಎನ್ನಬೇಕು. ಆದರೆ ಪತ್ರ ಮುಟ್ಟುವ ದಿನ ನಿಮಗೂ ನನ್ನ ಹಾಗೆ ಐವತ್ತೇ. ಅಕ್ಕಾ ಎಂದುಬಿಡುತ್ತೇನೆ.

ಮೆಣಸಿನಕಾಯಿ ಇಲ್ಲಿ ಇನ್ನೂ ಬೆಳೆಯುತ್ತೇವೆ. ಒಣಗಿಸುವುದು ಗಾಜಿನ ಛಾವಣಿಯ ಕೆಳಗೆ. ತೊಟ್ಟು ಬಿಡಿಸುವ ಹೆಂಗಸರ ಮುಂದೆ ಧೂಳುಗುಳಿಗಳಿವೆ. ಎದ್ದ ಧೂಳನ್ನು ಅಲ್ಲಿಯೇ ನುಂಗಿಬಿಡುವ ನೆಲದ ತೂತುಗಳು ಅವು. ಓಣಿಗೊಂದು ಎದೆಗನ್ನಡಿ ಇದೆ. ಅದರ ಮುಂದೆ ಸುಮ್ಮನೆ ನಿಂತರೆ ಸಾಕು, ಗುಂಡಿಗೆ ಬಡಿಯುವುದು, ಶ್ವಾಸಕೋಶ ಹಿಗ್ಗುವುದು ಎಲ್ಲ ಕಾಣುತ್ತದೆ. ಆದರೂ ಕನ್ನಡಿಯ ಹತ್ತಿರ ಹೋಗುವ ಮೊದಲು ಒಬ್ಬ ಹೆಂಗಸು ಇನ್ನೊಬ್ಬಳ ಎದುರು ಕುಳಿತು ವಿಚಾರಿಸುತ್ತಾಳೆ. ನೋವು ಯಾವಾಗ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ, ಒಂದು ಬೆರಳಿಟ್ಟು ತೋರಿಸುತ್ತೀಯೋ, ಇಡೀ ಅಂಗೈ ಇಡುತ್ತೀಯೋ ಎಂದು. ಇದಕ್ಕೆ ನಾವು ಕಾಶಿ ಕೇಳುವುದು ಎನ್ನುತ್ತೇವೆ. ಬೇರೆ ಸೀಮೆಯಿಂದ ಬಂದ ಸೊಸೆಯಂದಿರು ಯಾತ್ರೆಯ ಮಾತೆಂದು ತಿಳಿದು ಗಂಟು ಕಟ್ಟಲು ಏಳುತ್ತಾರೆ. ಆ ಕಾಶಿ ನೀವು, ಅಕ್ಕಾ.

ನೀವು ದುಡಿಯುತ್ತಿದ್ದ ಮೆಣಸಿನಕಾಯಿ ಕಣದಲ್ಲಿ ಎದೆಗೆ ಏನೇ ಆದರೂ ಹೆಸರು ಒಂದೇ ಇತ್ತು: ಘಾಟು. ಕೆಮ್ಮಿದರೆ ಘಾಟು, ಏದುಸಿರು ಬಂದರೆ ಘಾಟು, ಎದೆ ಉರಿದರೂ ಘಾಟು. ಬೆಲ್ಲ ಕಚ್ಚಿ ನೀರು ಕುಡಿದು ಮತ್ತೆ ಕೆಲಸಕ್ಕೆ ಕೂರುವುದು. ನೀವೊಬ್ಬರು ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕೇಳಿ ಕೇಳಿ ಆ ಒಂದು ಹೆಸರನ್ನು ಬಿಡಿಸಿ ನೋಡಿದಿರಿ. ಘಾಟಿನ ಕೆಮ್ಮಿಗೆ ಮೂಗು ಸೋರುತ್ತದೆ, ಗಾಳಿಗೆ ಬಂದರೆ ಇಳಿಯುತ್ತದೆ ಎಂದು ಬರೆದಿಟ್ಟಿರಿ. ನಸುಕಿನಲ್ಲಿ ಉಸಿರು ಸಿಳ್ಳೆ ಹಾಕಿದರೆ ಉಬ್ಬಸ. ಘಾಟು ಅದನ್ನು ಕೆರಳಿಸುತ್ತದೆ, ಆದರೆ ಅದಕ್ಕೆ ಔಷಧಿಯೇ ಬೇರೆ. ಉಂಡು ಮಲಗಿದಾಗ ಗಂಟಲಿಗೆ ಹುಳಿ ನುಗ್ಗಿದರೆ ಅದು ಹೊಟ್ಟೆಯದು. ಚೀಲ ಎತ್ತಿದವಳಿಗೆ ಒತ್ತಿದಲ್ಲೇ ನೋಯುತ್ತಿದ್ದರೆ ಬಹುಶಃ ಉಳುಕು. ಪಾದ ಊದಿ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವವಳ ಗುಂಡಿಗೆ ದಣಿದಿರಬಹುದು. ಕಣ್ಣ ರೆಪ್ಪೆಯೊಳಗೆ ಬಿಳಿಚಿಕೊಂಡು ನಾಲ್ಕು ಹೆಜ್ಜೆಗೆ ಏದುವವಳಿಗೆ ರಕ್ತ ಕಡಿಮೆ. ಇಷ್ಟು ಬರೆದು ಕೆಳಗೆ, ‘ನನಗ ತಿಳಿದಿದ್ದು ಇಷ್ಟ. ಖಾತ್ರಿ ಮಾಡವ್ರು ಡಾಕ್ಟರು’ ಎಂದೂ ಸೇರಿಸಿದಿರಿ. ತಿಳಿದದ್ದನ್ನು ಹೇಳುವವರು ಬಹಳ ಜನ. ತಿಳಿಯದ್ದು ಎಲ್ಲಿಂದ ಶುರು ಎಂದು ಗೆರೆ ಎಳೆದವರನ್ನು ನಾನು ಕಂಡದ್ದು ಕಡಿಮೆ.

ಫಕೀರವ್ವನ ಸಂಗತಿಯನ್ನು ಮಕ್ಕಳಿಗೆ ಇಂದಿಗೂ ಹೇಳುತ್ತೇವೆ. ನಿಮ್ಮ ಪಕ್ಕ ಕೂತು ತೊಟ್ಟು ಬಿಡಿಸುತ್ತಿದ್ದ ಆಕೆ ಅಂಗೈಯನ್ನು ಎದೆಗೆ ಒತ್ತಿಕೊಂಡಾಗ ಉಳಿದವರು ನಕ್ಕರಂತೆ.

“ಏನಬೇ ಫಕೀರವ್ವ, ಚೀಲ ಕಂಡ್ರ ಎದಿ ಹಿಡಿತೈತಿ, ಬುತ್ತಿ ಕಂಡ್ರ ಬಿಡತೈತಿ!”

ನೀವು ಮಾತ್ರ ಅವಳ ಹಣೆ ಮುಟ್ಟಿದಿರಿ.

“ನಗಬ್ಯಾಡ್ರಿ. ಘಾಟಾದ್ರ ಸೀನಬೇಕು. ಇಕಿ ತಣ್ಣಗ ಬೆವರಾಕತ್ಯಾಳ. ಎಡಗೈ ಜಗ್ಗತೈತೇನವ್ವ?”

ಜಗ್ಗುತ್ತಿತ್ತು.

“ಆ ಬೆಲ್ಲ ಅಲ್ಲೇ ಇಡ್ರಿ. ನೂರಾ ಎಂಟಕ್ಕ ಫೋನ್ ಹಚ್ರಿ.”

ದವಾಖಾನೆಯಲ್ಲಿ ಎದೆಗೆ ವೈರು ಹಚ್ಚಿ ನೋಡಿದವರು ಹೃದಯದ ರಕ್ತನಾಳ ಕಟ್ಟಿದೆ ಎಂದರು, ಬಿಡಿಸಿದರು. ತಿಂಗಳ ಮೇಲೆ ಫಕೀರವ್ವ ಕಣಕ್ಕೆ ಬಂದದ್ದು ದುಡಿಯುವುದಕ್ಕಲ್ಲ, ನಕ್ಕವರನ್ನು ಒಬ್ಬೊಬ್ಬರನ್ನಾಗಿ ಬೈಯುವುದಕ್ಕೆ.

ಇಷ್ಟು ಹೊಗಳಿದ ಬಾಯಲ್ಲೇ ಈಗ ನಿಮ್ಮನ್ನು ಬೈಯಬೇಕಾಗಿದೆ. ನೋಟುಬುಕ್ಕಿನ ಕೊನೆಯ ಬರಹ ಹೀಗಿದೆ: ‘ಇವತ್ತ ಸೋಮವಾರ. ಕೊಡ ಹೊತ್ತು ಮೆಟ್ಟಲ ಹತ್ತುವಾಗ ಎದಿ ಮ್ಯಾಲ ಚೀಲ ಹೇರಿದಂಗಾತು. ದವಡಿ ಜಗ್ಗಿತು. ಕುಂತರ ಹೋತು. ಮೂರು ದಿನದಿಂದ ಹಿಂಗ. ಉಪಾಸದ ಸಂಕಟ ಇರಬೇಕು.’ ಅದರ ಮುಂದಿನ ಹಾಳೆಗಳು ಖಾಲಿ. ಆಮೇಲೆ ನಿಮಗೇನಾಯಿತೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಮೂರು ದಿನವೂ ಉಪವಾಸವಿತ್ತೇ ಅಕ್ಕಾ? ಊರವರು ಘಾಟು ಎಂದಾಗ ಒಪ್ಪದವರು, ನಿಮ್ಮ ಸರದಿ ಬಂದಾಗ ದೇವರ ಹೆಸರಿಗೆ ಹಾಕಿಬಿಟ್ಟಿರಿ. ನಾನೂ ಉಪವಾಸ ಹಿಡಿಯುವವಳೇ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ: ಒಂದು ಸೋಮವಾರ ಅರ್ಧಕ್ಕೆ ಎದ್ದು ದವಾಖಾನೆಗೆ ಹೋದವಳ ಮೇಲೆ ಶಿವ ಮುನಿಸಿಕೊಳ್ಳುವುದಿಲ್ಲ. ಈ ಪತ್ರ ಆ ಸೋಮವಾರವೇ ನಿಮ್ಮ ಕೈ ಸೇರಬೇಕೆಂದು ಲಕೋಟೆಯ ಮೇಲೆ ಬರೆಸಿದ್ದೇನೆ. ಕೊಡ ಇಳಿಸಿ. ಒಬ್ಬರೇ ನಡೆದು ಹೋಗಬೇಡಿ. ಫಕೀರವ್ವನಿಗೆ ಹೇಳಿ ಗಾಡಿ ಕರೆಸಿ. ನಾಳೆ ಅಲ್ಲ, ಈಗ.

ಟಪಾಲಿನವರೇ, ಪತ್ರ ಕೊಟ್ಟು ಹಾಗೆಯೇ ತಿರುಗಿ ಬರಬೇಡಿ. ನನಗೇನಾಗೈತಿ ಹೋಗ್ರಿ ಎಂದು ಅಕ್ಕ ನಿಮ್ಮನ್ನು ಗದರುತ್ತಾರೆ. ಗದರಲಿ, ನೀವು ಕಟ್ಟೆಯ ಮೇಲೆ ಕೂತುಬಿಡಿ. ದವಾಖಾನೆಗೆ ಹೋಗಿ ಬಂದ ಮೇಲೆ ಅವರು ಬರೆದದ್ದು ನನಗೆ ಬೇಕು, ಅದಕ್ಕಿಂತ ಮೊದಲಿನದು ಬೇಡ. ಎಷ್ಟು ದಿನವಾದರೂ ಸರಿ, ಆ ಉತ್ತರ ತಂದುಕೊಡಿ.