ಹುಸೇನಬಿಯ ಫ್ರಿಜ್

ಫೆಬ್ರುವರಿ 10, ಬೆಳಿಗ್ಗೆ 7
ಮೊಣಕಾಲು ಮಡಚುವ ವ್ಯಾಯಾಮ ಇಪ್ಪತ್ತು ಸಲ. ಆಮೇಲೆ ಇಂಜೆಕ್ಷನ್ — ಅಂದರೆ ಬಚ್ಚಲ ಮೋರಿಗೆ ಸುರಿಯುವುದು. ಲಿಗಮೆಂಟ್ ಆಪರೇಷನ್ ಮಾಡಿದ ಡಾಕ್ಟರು, ಎಲುಬು ಸವೆದಿದೆ, ಗಟ್ಟಿಯಾಗಲಿ ಅಂತ ಬರೆದುಕೊಟ್ಟದ್ದು. ದಿನಾ ಒಂದು. ಹೊಟ್ಟೆಗೆ ನಾನೇ ಚುಚ್ಚಿಕೊಳ್ಳಬೇಕು. ಹತ್ತು ದಿನವಾಯಿತು, ಒಂದೂ ಚುಚ್ಚಿಕೊಂಡಿಲ್ಲ. ಸೂಜಿ ಕಂಡರೆ ಅಂಜಿಕೆ.
ಹೊರಗಿನಿಂದ ಹೆಂಡತಿ ಸಂಪದಾ, "ಆತೇನ್ರಿ?"
"ಆತು."
ಬಬಲೇಶ್ವರದ ಶಾಲೆಯಲ್ಲಿ ಲಸಿಕೆ ದಿನ ಅಳುವ ಹುಡುಗರಿಗೆ "ಇರುವಿ ಕಡದಂಗ, ಅಂಜಬುರುಕರೇನ್ರೋ" ಎನ್ನುವ ಪಿ.ಟಿ. ಮಾಸ್ತರ ನಾನು. ಥೂ.

ಫೆಬ್ರುವರಿ 13
ನಮ್ಮ ಫ್ರಿಜ್ ಕೆಟ್ಟು ಕೂತಿದೆ. ಔಷಧಿ ಪಕ್ಕದ ಮನೆ ಹುಸೇನಬಿಯ ಫ್ರಿಜ್‌ನಲ್ಲಿ. ದಿನಾ ತಾನೇ ಒದ್ದೆ ಬಟ್ಟೆ ಸುತ್ತಿ ತಂದುಕೊಡುತ್ತಾಳೆ. "ಬಿಸಲಾಗ ಬಿಸಿ ಆಗಬಾರದ್ರಿ ಸರ." ಮುಖ ನೋಡಲಾಗಲಿಲ್ಲ.

ಮಾರ್ಚ್ 29
ತಪಾಸಣೆ. ಔಷಧಿಯ ಗುಣವೇ ರಕ್ತದಲ್ಲಿ ಕಾಣುತ್ತಿಲ್ಲವಂತೆ. "ತಂಪಿನಾಗ ಇಟ್ಟಿದ್ರಿಲ್ಲೋ?" ಅಂದರು ಡಾಕ್ಟರು. ಸಂಪದಾ, "ಬಾಜೂ ಮನಿ ಫ್ರಿಜ್ಜಿನ್ಯಾಗ್ರಿ. ಅಲ್ಲೇ ಕೆಟ್ಟಿರಬೇಕು." ನಾನು ಕೋಲು ಹಿಡಿದು ಎದ್ದೆ.

ಮಾರ್ಚ್ 30
ಸಂಪದಾ ಪಕ್ಕದ ಮನೆಗೆ ಹೋಗಿ ಫ್ರಿಜ್ಜಿನ ಮಾತು ಅಂದುಬಂದಿದ್ದಾಳೆ. ಸಂಜೆ ಹುಸೇನಬಿ ಬಂದಳು. ಬೇಸಿಗೆ ಪೂರ್ತಿ ಐಸ್‌ಕ್ಯಾಂಡಿ ಮಾರುವವಳು, ನಮ್ಮ ಇಬ್ರಾಹಿಂಪುರದ ಮಕ್ಕಳೆಲ್ಲ ಅವಳ ಬಾಗಿಲಲ್ಲೇ ಇರುತ್ತಾರೆ.
"ಗಳಿಗೆಗೊಮ್ಮೆ ಬಾಗಲಾ ತಗದು ನಿಮ್ಮ ಔಷಧ ಕೆಡಿಸೀನ್ರಿ ಸರ. ಮಾಫ್ ಮಾಡ್ರಿ. ಕ್ಯಾಂಡಿ ಬಂದ್ ಮಾಡೇನಿ, ಹೊಸಾ ಔಷಧ ನಮ್ಮಲ್ಲೇ ಇಡ್ರಿ."
"ಇರ್ಲಿ ಬಿಡ್ರಿ" ಅಂದೆ. ಕ್ಷಮಿಸುವವನ ಗತ್ತು ನೋಡು.

ಏಪ್ರಿಲ್ 8
ಟಿಕೋಟಾದಿಂದ ಅತ್ತೆ ಬಂದಿದ್ದಾರೆ. "ಮಂದಿ ಮನ್ಯಾಗ ಇಟ್ಟರ ಹಿಂಗನ." ತಲೆ ತಗ್ಗಿಸಿ ಉಂಡೆ. ಹೊಸ ಔಷಧಿಯನ್ನೂ ಮೋರಿಗೆ ಬಿಡುವುದು ಇವತ್ತೂ ತಪ್ಪಲಿಲ್ಲ.

ಏಪ್ರಿಲ್ 9
ತಡೆಯಲಾಗಲಿಲ್ಲ. ಕೋಲು ಊರಿಕೊಂಡು ಅವಳ ಮನೆಗೆ ಹೋದೆ.
"ಹುಸೇನಬಿ, ಫ್ರಿಜ್ಜಿಂದೇನೂ ತಪ್ಪಿಲ್ಲ. ನಾ ಚುಚ್ಚಿಕೊಂಡೇ ಇಲ್ಲ. ಅಂಜಿಕಿ."
ಬೈಯಲಿ ಅಂತ ಕಾದೆ.
"ಸಂಪದಾ ಬಾಯಾರಿಗೆ ಹೇಳಬ್ಯಾಡ್ರಿ" ಅಂದಳು. "ಮನ್ಯಾಗ ನಿಮ್ಮ ಮರ್ಯಾದಿ ಹೋಗತೈತಿ. ಫ್ರಿಜ್ಜಿಂದ ಅಂತಾನ ಇರ್ಲಿ."
ನಾನು ಹೂಂ ಅಂದು ಬಂದೆ. ಹೂಂ ಅಂದೆನಲ್ಲ…

ಏಪ್ರಿಲ್ 10, ಬೆಳಿಗ್ಗೆ 7
ಇಡೀ ರಾತ್ರಿ ನಿದ್ದೆಯಿಲ್ಲ. ಸಂಪದಾಳನ್ನು ಕರೆದಿದ್ದೇನೆ. "ಹಾಲಿಟ್ಟೇನಿ, ಉಕ್ಕಿದ ಮ್ಯಾಲ ಬಂದೆ" ಅಂದಳು. ಎದುರಿಗೆ ನಾಲಿಗೆ ಹೊರಳದಿದ್ದರೆ ಇದನ್ನೇ ಓದಿಬಿಡುವುದು:
ಹುಸೇನಬಿಯ ಫ್ರಿಜ್ ಸರಿಯಾಗಿಯೇ ಇತ್ತು. ಔಷಧಿ ಕೆಟ್ಟಿರಲಿಲ್ಲ. ನಾನು ದಿನಾ ಅದನ್ನು —